ಕೊನೆಯ ಮಾತು ಸುಪ್ರೀಂ ಕೋರ್ಟಿನದೇ? 371(ಜೆ) ನಾಡಿನಿಂದ ಒಂದು ಉತ್ತರ

ಕಮಲಾಪುರದ ಹೊಲದ ಬದುವಿನ ಜಗಳವಿರಲಿ, ಕಲಬುರಗಿಯ ಆಸ್ತಿ ಪಾಲಿನ ವ್ಯಾಜ್ಯವಿರಲಿ, ಮಾತು ಬಿರುಸಾದಾಗ ಹೊರಬೀಳುವ ಶಪಥ ಒಂದೇ: “ಬಿಡಂಗಿಲ್ಲ, ಸುಪ್ರೀಂ ಕೋರ್ಟ್ ತನಕ ಹೋಗ್ತೀನಿ.” ಈ ಮಾತಿನೊಳಗೆ ಒಂದು ನಂಬಿಕೆಯಿದೆ, ಅದನ್ನು ಹಗುರವಾಗಿ ಕಾಣಬಾರದು. ಎಷ್ಟೇ ದೊಡ್ಡವರಿಗೂ ತಲೆಬಾಗದ ಜಾಗವೊಂದು ದೇಶದಲ್ಲಿದೆ ಎಂದು ಜನ ನಂಬಿರುವುದು ಪ್ರಜಾಪ್ರಭುತ್ವದ ದೊಡ್ಡ ಬಂಡವಾಳ. ಆದರೆ ಅದರ ಜೊತೆಗೇ ಮೂರು ತಪ್ಪು ಕಲ್ಪನೆಗಳೂ ಬೆರೆತಿವೆ. ಸುಪ್ರೀಂ ಕೋರ್ಟ್ ಎಲ್ಲರ ಎಲ್ಲ ವ್ಯಾಜ್ಯವನ್ನೂ ಕೇಳಲೇಬೇಕು ಎಂಬುದು ಒಂದು. ಅದು ಒಮ್ಮೆ ಹೇಳಿದ್ದನ್ನು ಯಾರೂ ಯಾವತ್ತೂ ಬದಲಿಸಲಾರರು ಎಂಬುದು ಇನ್ನೊಂದು. ಸಂಸತ್ತು ಮತ್ತು ಸರ್ಕಾರಗಳ ತಲೆಯ ಮೇಲೆ ಅದು ಒಡೆಯನಂತೆ ಕುಳಿತಿದೆ ಎಂಬುದು ಮೂರನೆಯದು. ಇವಕ್ಕೆ ಎದುರಾಗಿ ಇತ್ತೀಚೆಗೆ ಜೋರಾಗಿ ಕೇಳುವ ಮಾತೂ ಒಂದಿದೆ: ಓಟು ಪಡೆದು ಬಂದವರು ಮಾಡಿದ ಕಾನೂನನ್ನು ರದ್ದು ಮಾಡಲು ಓಟೇ ಪಡೆಯದ ನ್ಯಾಯಮೂರ್ತಿಗಳು ಯಾರು? ಇದೂ ಅಷ್ಟೇ ತಪ್ಪು. ನಾಲ್ಕಕ್ಕೂ ಉತ್ತರ ಹುಡುಕಲು ದೆಹಲಿಗೆ ಹೋಗಬೇಕಿಲ್ಲ. ಶಿಕ್ಷಣ ಮತ್ತು ನೌಕರಿಯಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ, ಕಲ್ಯಾಣ ಕರ್ನಾಟಕದ ಮನೆಮನೆಗೂ ಗೊತ್ತಿರುವ ಸಂವಿಧಾನದ 371(ಜೆ) ವಿಧಿ ಹುಟ್ಟಿಬಂದ ದಾರಿಯನ್ನು ನೋಡಿದರೆ ಸಾಕು.

ಕಲಬುರಗಿ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮನ ಆಳ್ವಿಕೆಯಲ್ಲಿತ್ತು. ಸಂಸ್ಥಾನಕ್ಕೆ ಹೈದರಾಬಾದಿನಲ್ಲಿ ಹೈಕೋರ್ಟ್ ಇತ್ತು, ಅದರ ಮೇಲೆ ಅಪೀಲು ಕೇಳುವ ನ್ಯಾಯಿಕ ಸಮಿತಿಯೂ ಇತ್ತು. ಆದರೂ ಎಲ್ಲ ಅಧಿಕಾರದ ಬೇರು ಅರಸನಲ್ಲಿತ್ತು. 1950ರ ಜನವರಿ 26ರಂದು ಸಂವಿಧಾನದ 374ನೇ ವಿಧಿ ಇಂಥ ಸಂಸ್ಥಾನಗಳ ಅಪೀಲು ಸಮಿತಿಗಳ ಅಧಿಕಾರವನ್ನು ಕೊನೆಗೊಳಿಸಿ, ಅವುಗಳ ಮುಂದೆ ಬಾಕಿಯಿದ್ದ ಪ್ರಕರಣಗಳನ್ನು ಸುಪ್ರೀಂ ಕೋರ್ಟಿಗೆ ವರ್ಗಾಯಿಸಿತು. ಅಲ್ಲಿಂದಾಚೆ ಈ ಭಾಗದ ರೈತನ ನ್ಯಾಯ ಅರಸನ ಕೃಪೆಯಾಗಿ ಉಳಿಯಲಿಲ್ಲ, ಹಕ್ಕಾಯಿತು. ಆದರೆ ಆ ಹೊಸ ನ್ಯಾಯಾಲಯ ತನ್ನನ್ನು ಅರಸನ ಜಾಗದಲ್ಲಿ ಕೂರಿಸಿಕೊಳ್ಳಲಿಲ್ಲ ಎಂಬುದು ಬೇಗನೇ ತಿಳಿಯಿತು. ತೆಲಂಗಾಣ ರೈತ ಹೋರಾಟದ ಕಾಲದಲ್ಲಿ ವಿಶೇಷ ನ್ಯಾಯಮಂಡಳಿಗಳು ಗಲ್ಲು ಶಿಕ್ಷೆ ವಿಧಿಸಿದ್ದವರು ಜನಾರ್ದನ ರೆಡ್ಡಿ ಪ್ರಕರಣದಲ್ಲಿ ಅದರ ಮೊರೆಹೊಕ್ಕಾಗ, ಹೈದರಾಬಾದ್ ಹೈಕೋರ್ಟಿನ ತೀರ್ಪು ಸಂವಿಧಾನ ಜಾರಿಗೆ ಬರುವ ಮೊದಲೇ ಬಂದಿರುವುದರಿಂದ ಅದರ ಮೇಲೆ ಅಪೀಲು ಕೇಳುವ ಅಧಿಕಾರ ತನಗಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಮನುಷ್ಯರ ಪ್ರಾಣದ ಪ್ರಶ್ನೆ ಎದುರಿಗಿದ್ದಾಗಲೂ ತನಗೆ ಕೊಟ್ಟಿರುವ ಅಧಿಕಾರದ ಗೆರೆ ಎಲ್ಲಿದೆ ಎಂದು ಅದು ಮೊದಲು ನೋಡಿತು. ಈ ತೀರ್ಪು ಓದಿದರೆ ಇವತ್ತಿಗೂ ಮನಸ್ಸು ಭಾರವಾಗುತ್ತದೆ. ಆದರೆ ನ್ಯಾಯಾಲಯವೂ ಸಂವಿಧಾನದ ಕೈಕೆಳಗಿನ ಸಂಸ್ಥೆ ಎಂಬುದಕ್ಕೆ ಇದಕ್ಕಿಂತ ಕಠಿಣವಾದ ಸಾಕ್ಷ್ಯ ಸಿಗುವುದು ಅಪರೂಪ.

ಈಗ ಮುಖ್ಯ ಕಥೆಗೆ ಬರೋಣ. ಸ್ಥಳೀಯರಿಗೆ ನೌಕರಿಯಲ್ಲಿ ಆದ್ಯತೆ ಎಂಬ ವಿಚಾರ ಈ ಭಾಗಕ್ಕೆ ಹೊಸದಲ್ಲ. ನಿಜಾಮನ ಕಾಲದ ಮುಲ್ಕಿ ನಿಯಮಗಳು ಸಂಸ್ಥಾನದ ನೌಕರಿಗೆ 15 ವರ್ಷಗಳ ವಾಸವನ್ನು ಕೇಳುತ್ತಿದ್ದವು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋಯಿತು. ಆಂಧ್ರಕ್ಕೆ ಸೇರಿದ ತೆಲಂಗಾಣಕ್ಕೆ ಸಂಸತ್ತು 1957ರಲ್ಲಿ ಒಂದು ಕಾಯ್ದೆ ಮಾಡಿ ಸ್ಥಳೀಯರ ರಕ್ಷಣೆಗೆ ದಾರಿ ಮಾಡಿಕೊಟ್ಟಿತು; ಮೈಸೂರು ರಾಜ್ಯಕ್ಕೆ ಸೇರಿದ ಬೀದರ, ಕಲಬುರಗಿ, ರಾಯಚೂರಿಗೆ ಆ ರಕ್ಷಣೆ ಸಿಗಲಿಲ್ಲ. 1969ರ ಮಾರ್ಚ್‌ನಲ್ಲಿ ಎ.ವಿ.ಎಸ್. ನರಸಿಂಹರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ತೆಲಂಗಾಣದ ಏರ್ಪಾಟನ್ನೇ ಅಸಾಂವಿಧಾನಿಕ ಎಂದಿತು. ಅದರ ತರ್ಕ ಸ್ಪಷ್ಟವಾಗಿತ್ತು. ನೌಕರಿಗೆ ವಾಸದ ಷರತ್ತು ಹಾಕಲು ಸಂವಿಧಾನದ 16(3)ನೇ ವಿಧಿ ಸಂಸತ್ತಿಗೆ ಅಧಿಕಾರ ಕೊಟ್ಟಿರುವುದು ನಿಜ, ಆದರೆ ಅದು ಇಡೀ ರಾಜ್ಯದ ವಾಸವನ್ನು ಕುರಿತದ್ದು, ರಾಜ್ಯದ ಒಂದು ಭಾಗದ ವಾಸವನ್ನಲ್ಲ. 1972ರ ಅಕ್ಟೋಬರ್‌ನಲ್ಲಿ ಅದೇ ನ್ಯಾಯಾಲಯ ಹಳೆಯ ಮುಲ್ಕಿ ನಿಯಮಗಳು ಸಂವಿಧಾನ ಬಂದ ಮೇಲೂ ಊರ್ಜಿತವಾಗಿ ಉಳಿದಿವೆ ಎಂದಾಗ ಕರಾವಳಿ ಆಂಧ್ರ ಸಿಡಿದೆದ್ದಿತು. ಎರಡು ತೀರ್ಪು, ಎರಡು ಕಡೆ ಬೆಂಕಿ. ಆಗ ಸಂಸತ್ತು ಕೈಕಟ್ಟಿ ಕೂರಲಿಲ್ಲ. 1973ರ 32ನೇ ತಿದ್ದುಪಡಿ ಕಾಯ್ದೆಯ ಮೂಲಕ 371(ಡಿ) ಎಂಬ ಹೊಸ ವಿಧಿಯನ್ನು ಸಂವಿಧಾನಕ್ಕೇ ಸೇರಿಸಿ, ಒಂದೇ ರಾಜ್ಯದೊಳಗಿನ ಪ್ರದೇಶಗಳಿಗೆ ಬೇರೆ ಬೇರೆ ಸ್ಥಳೀಯ ಮೀಸಲಾತಿ ಕೊಡುವ ಬಾಗಿಲು ತೆರೆಯಿತು.

ನಮ್ಮ 371(ಜೆ) ಇದೇ ಬಾಗಿಲಿನಿಂದ ಬಂದದ್ದು. ತೆಲಂಗಾಣಕ್ಕೆ ಸಿಕ್ಕದ್ದು ನಮಗೇಕಿಲ್ಲ ಎಂದು ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಕೇಳಿದರು. ಕಲಬುರಗಿಯಿಂದ ಲೋಕಸಭೆಗೆ ಹೋಗಿ ಕೇಂದ್ರ ಸಚಿವರಾಗಿದ್ದ ಮಲ್ಲಿಕಾರ್ಜುನ ಖರ್ಗೆ, ಬೀದರಿನ ಸಂಸದರಾಗಿದ್ದ ಧರ್ಮಸಿಂಗ್ ಮೊದಲಾದವರ ಪ್ರಯತ್ನವೂ ಸೇರಿ, 2012ರ ಡಿಸೆಂಬರ್‌ನಲ್ಲಿ ಸಂಸತ್ತು 98ನೇ ತಿದ್ದುಪಡಿಯನ್ನು ಒಪ್ಪಿತು. ಅದರ ಅಡಿಯಲ್ಲಿ 2013ರಲ್ಲಿ ಹೊರಟ ಆದೇಶಗಳಿಂದ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟು, ‘ಸಿ’ ವೃಂದದ ಹುದ್ದೆಗಳಲ್ಲಿ ಶೇ 80, ‘ಡಿ’ ವೃಂದದಲ್ಲಿ ಶೇ 85 ಸ್ಥಳೀಯರಿಗೆ ಮೀಸಲಾದವು. ಕಮಲಾಪುರದ ಹುಡುಗಿಯೊಬ್ಬಳು ಇವತ್ತು ಕಲಬುರಗಿಯ ವೈದ್ಯಕೀಯ ಕಾಲೇಜಿನಲ್ಲಿ ಸ್ಥಳೀಯ ಕೋಟಾದಡಿ ಸೀಟು ಪಡೆದರೆ ಅದರ ಹಿಂದೆ 1969ರ ಒಂದು ತೀರ್ಪಿದೆ, ಆ ತೀರ್ಪಿಗೆ ಸಂಸತ್ತು ಕೊಟ್ಟ ಉತ್ತರವಿದೆ. ನೌಕರಿಯಲ್ಲಿನ ಈ ಮೀಸಲಾತಿಯನ್ನು ವಿಧಾನಸಭೆಯ ಸಾಮಾನ್ಯ ಕಾಯ್ದೆಯಿಂದ ಕೊಡಲಾಗುತ್ತಿರಲಿಲ್ಲ. ಸಂವಿಧಾನವನ್ನೇ ತಿದ್ದಬೇಕಾಯಿತು, ತಿದ್ದಲು ಸಾಧ್ಯವೂ ಆಯಿತು. ಸುಪ್ರೀಂ ಕೋರ್ಟಿನ ಮಾತೇ ಕೊನೆಯದು ಎನ್ನುವವರು ಇಲ್ಲಿ ನಿಂತು ಯೋಚಿಸಬೇಕು. ಇವತ್ತು ಇರುವ ಸಂವಿಧಾನದ ಅರ್ಥವೇನು ಎಂಬ ಪ್ರಶ್ನೆಗೆ ಕೊನೆಯ ಉತ್ತರ ಕೊಡುವುದು ನ್ಯಾಯಾಲಯ. ಆ ಬರಹ ನಾಳೆ ಹೇಗಿರಬೇಕು ಎಂಬುದನ್ನು ತೀರ್ಮಾನಿಸುವುದು ಜನ ಕಳಿಸಿದ ಸಂಸತ್ತು.

ಹಾಗಾದರೆ ಬಹುಮತವಿದ್ದ ಸಂಸತ್ತು ಸಂವಿಧಾನದಲ್ಲಿ ಏನನ್ನು ಬೇಕಾದರೂ ಬರೆಯಬಹುದೇ? ಇದೇ 371(ಡಿ) ಅದಕ್ಕೂ ಉತ್ತರ ಕೊಟ್ಟಿದೆ. ಕಥೆಯ ಈ ತಿರುವು ನಮ್ಮಲ್ಲಿ ಹೆಚ್ಚು ಚರ್ಚೆಯಾಗಿಲ್ಲ ಎಂಬುದು ನನ್ನ ಕೊರಗು. ಆ ವಿಧಿಯಡಿ ಆಂಧ್ರದ ಸರ್ಕಾರಿ ನೌಕರರ ದೂರು ಕೇಳಲು ಆಡಳಿತ ನ್ಯಾಯಮಂಡಳಿಯನ್ನು ಸ್ಥಾಪಿಸಲಾಗಿತ್ತು. ಆದರೆ ಐದನೇ ಉಪವಿಧಿಯಲ್ಲಿ ಒಂದು ಷರತ್ತಿತ್ತು: ಮಂಡಳಿಯ ಆದೇಶ ಜಾರಿಗೆ ಬರುವ ಮೊದಲು ರಾಜ್ಯ ಸರ್ಕಾರ ಅದನ್ನು ಮಾರ್ಪಡಿಸಬಹುದು ಅಥವಾ ರದ್ದು ಮಾಡಬಹುದು. ಅಂದರೆ ಸರ್ಕಾರದ ಮೇಲೆ ದೂರು ಕೊಟ್ಟು ಒಬ್ಬ ಗುಮಾಸ್ತ ಗೆದ್ದರೆ, ಸೋತ ಸರ್ಕಾರವೇ ಆ ಗೆಲುವನ್ನು ಅಳಿಸಿಹಾಕಬಹುದಿತ್ತು. 1986ರ ಡಿಸೆಂಬರ್‌ನಲ್ಲಿ ಪಿ. ಸಾಂಬಮೂರ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಷರತ್ತನ್ನು ಕಿತ್ತುಹಾಕಿತು. ಸರ್ಕಾರವೇ ಕಕ್ಷಿದಾರ, ಸರ್ಕಾರವೇ ತೀರ್ಪುಗಾರ ಎಂದಾದರೆ ಕಾನೂನಿನ ಆಡಳಿತವೇ ಉಳಿಯುವುದಿಲ್ಲ, ಅದು ತಿದ್ದುಪಡಿಯಿಂದಲೂ ಕೆಡಿಸಲಾಗದ ಸಂವಿಧಾನದ ಮೂಲ ರಚನೆಗೆ ಸೇರಿದ್ದು ಎಂಬುದು ನ್ಯಾಯಾಲಯದ ನಿಲುವು. ಗಮನಿಸಿ: ಸ್ಥಳೀಯರ ಮೀಸಲಾತಿಯನ್ನು ನ್ಯಾಯಾಲಯ ಅಲ್ಲಿ ಮುಟ್ಟಲಿಲ್ಲ. ಸಂಸತ್ತಿನ ಆಯ್ಕೆಯನ್ನು ಗೌರವಿಸಿತು, ಪ್ರಜೆಯ ಕೈಯಿಂದ ನ್ಯಾಯವನ್ನು ಕಸಿಯುವ ಭಾಗವನ್ನಷ್ಟೇ ಕತ್ತರಿಸಿತು.

ಓಟು ಪಡೆಯದವರು ಯಾರು ಎಂಬ ಆಕ್ಷೇಪಕ್ಕೆ ಇಲ್ಲಿಯೇ ಉತ್ತರವಿದೆ. ಆ ಗುಮಾಸ್ತನಿಗೆ ಬಹುಮತವಿಲ್ಲ, ಅವನೊಬ್ಬನ ಓಟಿನಿಂದ ಯಾವ ಸರ್ಕಾರವೂ ಬೀಳುವುದಿಲ್ಲ. ಅವನ ಹಕ್ಕನ್ನು ಕಾಯಬೇಕಾದವರೂ ಐದು ವರ್ಷಕ್ಕೊಮ್ಮೆ ಬಹುಮತದ ಮುಖ ನೋಡುವವರೇ ಆದರೆ ಅವನು ಯಾರ ಬಳಿ ಹೋಗಬೇಕು? ಮೂಲ ರಚನೆಯ ಈ ತತ್ವ ಹುಟ್ಟಿದ್ದು 1973ರ ಏಪ್ರಿಲ್ 24ರಂದು, ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಪ್ರಕರಣದಲ್ಲಿ. 13 ನ್ಯಾಯಮೂರ್ತಿಗಳಲ್ಲಿ 7 ಮಂದಿ ಒಂದು ಕಡೆ, 6 ಮಂದಿ ಇನ್ನೊಂದು ಕಡೆ. ಬಹುಮತದ ಏಳು ಜನರಲ್ಲಿ ಒಬ್ಬರು ನಮ್ಮ ಕರಾವಳಿಯ ಕೆ.ಎಸ್. ಹೆಗ್ಡೆ. ತೀರ್ಪು ಬಂದ ಬೆನ್ನಲ್ಲೇ ಸರ್ಕಾರ ಅವರನ್ನೂ ಇನ್ನಿಬ್ಬರು ಹಿರಿಯರನ್ನೂ ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡಿತು, ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರು ಮುಂದೆ ಚುನಾವಣೆಯಲ್ಲಿ ಗೆದ್ದು ಲೋಕಸಭೆಯ ಸ್ಪೀಕರ್ ಆದರು. ಇನ್ನು ಸ್ವಾಮೀಜಿಯವರಿಗೆ ಬಂದರೆ, ತಮ್ಮ ಮಠದ ಜಮೀನಿಗಾಗಿ ಹೂಡಿದ್ದ ಆ ದಾವೆಯಲ್ಲಿ ಅವರು ಬಯಸಿದ ಪರಿಹಾರ ಸಿಗಲಿಲ್ಲ. ಕೇರಳದ ಭೂಸುಧಾರಣಾ ಕಾಯ್ದೆಗಳಿಗೆ ರಕ್ಷಣೆ ಕೊಟ್ಟಿದ್ದ 29ನೇ ತಿದ್ದುಪಡಿಯನ್ನು ನ್ಯಾಯಾಲಯ ಎತ್ತಿಹಿಡಿಯಿತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಕಾಯಬೇಕಾದ ಹೊತ್ತಿನಲ್ಲಿ ಈ ಕಾವಲುಗಾರನೇ ಸೋತಿಲ್ಲವೇ? ಸೋತಿದೆ. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ ಮತ್ತು ಅಡ್ವಾಣಿ ಬಂಧನಕ್ಕೊಳಗಾದದ್ದು ಬೆಂಗಳೂರಿನಲ್ಲಿ. ಅವರು ಕರ್ನಾಟಕ ಹೈಕೋರ್ಟಿಗೆ ಅರ್ಜಿ ಹಾಕಿದ್ದರು. ದೇಶದ ಒಂಬತ್ತು ಹೈಕೋರ್ಟ್‌ಗಳು ಬಂಧಿತರ ಅಹವಾಲು ಕೇಳಬಹುದು ಎಂದಿದ್ದರೂ, 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ 4–1 ಬಹುಮತದಿಂದ ಆ ಬಾಗಿಲನ್ನು ಮುಚ್ಚಿತು. ಭಿನ್ನಮತ ಬರೆದವರು ಎಚ್.ಆರ್. ಖನ್ನಾ ಒಬ್ಬರೇ. ಇದನ್ನು ಯಾವ ನೆಪದಿಂದಲೂ ಸಮರ್ಥಿಸಲು ನಾನು ಸಿದ್ಧನಿಲ್ಲ. ಆದರೆ ಆ ತಪ್ಪನ್ನು ಮೊದಲು ತಿದ್ದಿದವರು ಯಾರು? 1977ರಲ್ಲಿ ಮತದಾರರು; 1978ರಲ್ಲಿ, ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ತುರ್ತುಪರಿಸ್ಥಿತಿಯಲ್ಲೂ ಅಮಾನತು ಮಾಡುವಂತಿಲ್ಲ ಎಂದು 44ನೇ ತಿದ್ದುಪಡಿ ತಂದ ಸಂಸತ್ತು. ನ್ಯಾಯಾಲಯ ತಾನೇ ಆ ತೀರ್ಪನ್ನು ತಳ್ಳಿಹಾಕಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಖಾಸಗಿತನದ ಪ್ರಕರಣದಲ್ಲಿ. ಸಂಸತ್ತು ಎಡವಿದಾಗ ನ್ಯಾಯಾಲಯ, ನ್ಯಾಯಾಲಯ ಎಡವಿದಾಗ ಜನ ಮತ್ತು ಸಂಸತ್ತು. ಒಂದನ್ನೇ ನಂಬಿ ಉಳಿದವುಗಳ ಮೇಲಿನ ಕಣ್ಣು ತೆಗೆದರೆ ಏನಾಗುತ್ತದೆ ಎಂಬುದನ್ನು ಆ ಎರಡು ವರ್ಷಗಳು ತೋರಿಸಿವೆ.

ಎಲ್ಲ ವ್ಯಾಜ್ಯವೂ ದೆಹಲಿ ಮುಟ್ಟುತ್ತದೆ ಎಂಬ ಕಲ್ಪನೆಯನ್ನು ಬೇಗ ಮುಗಿಸಬಹುದು. ಕಮಲಾಪುರ ಭಾಗದ ಜಮೀನಿನ ದಾವೆ ಕಲಬುರಗಿ ಜಿಲ್ಲೆಯ ಸಿವಿಲ್ ನ್ಯಾಯಾಲಯಗಳಲ್ಲಿ ಶುರುವಾಗುತ್ತದೆ. ನಿಜವಾಗಿ ನಡೆದದ್ದೇನು ಎಂಬ ಪ್ರಶ್ನೆ ಬಹುಮಟ್ಟಿಗೆ ಮೊದಲ ಅಪೀಲಿನಲ್ಲೇ ಮುಗಿಯುತ್ತದೆ. ಹೈಕೋರ್ಟಿನ ಎರಡನೇ ಅಪೀಲಿಗೆ ಕಾನೂನಿನ ಗಂಭೀರ ಪ್ರಶ್ನೆ ಇರಲೇಬೇಕು. ಆ ಹೈಕೋರ್ಟ್ 2008ರವರೆಗೆ ಬೆಂಗಳೂರಿನಲ್ಲಿ ಮಾತ್ರ ಇತ್ತು. ಅದೇ ವರ್ಷದ ಜುಲೈನಲ್ಲಿ ಕಲಬುರಗಿಗೆ ಸಂಚಾರಿ ಪೀಠ ಬಂತು, 2013ರ ಆಗಸ್ಟ್‌ನಲ್ಲಿ ಅದು ಕಾಯಂ ಪೀಠವಾಯಿತು. ಈ ಭಾಗದ ಬಡ ಕಕ್ಷಿದಾರನಿಗೆ ಇದು ಸುಪ್ರೀಂ ಕೋರ್ಟಿನ ಎಷ್ಟೋ ತೀರ್ಪುಗಳಿಗಿಂತ ಹೆಚ್ಚು ನೆರವಾಗಿದೆ ಎಂದು ನಾನು ಭಾವಿಸುತ್ತೇನೆ. ಅದಕ್ಕೂ ಮುಂದೆ ಹೋಗಬೇಕೆಂದರೆ 136ನೇ ವಿಧಿಯಡಿ ವಿಶೇಷ ಅನುಮತಿ ಅರ್ಜಿ. ಅನುಮತಿ ಕೊಡುವುದು ಬಿಡುವುದು ನ್ಯಾಯಾಲಯದ ವಿವೇಚನೆ, ಕಕ್ಷಿದಾರನ ಹಕ್ಕಲ್ಲ. ಅರ್ಜಿ ವಜಾ ಆದೊಡನೆ ಕೆಳಗಿನ ತೀರ್ಪಿಗೆ ಸುಪ್ರೀಂ ಕೋರ್ಟ್ ಮುದ್ರೆ ಬಿತ್ತು ಎಂದು ಪಟಾಕಿ ಹಚ್ಚುವವರಿದ್ದಾರೆ. ಕಾರಣ ಕೊಡದ ವಜಾ ಎಂದರೆ ಆ ಪ್ರಕರಣವನ್ನು ಕೈಗೆತ್ತಿಕೊಳ್ಳಲಿಲ್ಲ ಎಂದಷ್ಟೇ ಅರ್ಥ. ಕೊಳ್ಳೇಗಾಲದ ಮಹದೇಶ್ವರ ಸಹಕಾರ ಸಕ್ಕರೆ ಕಾರ್ಖಾನೆ ಮತ್ತು ಖೋಡೆ ಡಿಸ್ಟಿಲರೀಸ್ ನಡುವಿನ ಪ್ರಕರಣದಲ್ಲಿ 2019ರಲ್ಲಿ ನ್ಯಾಯಾಲಯ ಇದನ್ನು ಮತ್ತೊಮ್ಮೆ ಖಚಿತಪಡಿಸಿದೆ.

ತೀರ್ಪಿನಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದಕ್ಕೆ ಎಸ್.ಆರ್. ಬೊಮ್ಮಾಯಿ ಪ್ರಕರಣವೇ ಸಾಕ್ಷಿ. ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದರೂ ಕೇಳದೆ 1989ರ ಏಪ್ರಿಲ್ 21ರಂದು ಅವರ ಸರ್ಕಾರವನ್ನು ವಜಾ ಮಾಡಲಾಯಿತು. ಅದು ಅಸಾಂವಿಧಾನಿಕ ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳುವ ಹೊತ್ತಿಗೆ 1994ರ ಮಾರ್ಚ್ 11 ಬಂದಿತ್ತು. ಅಷ್ಟರಲ್ಲಿ ಚುನಾವಣೆ ಮುಗಿದು, ಕಲಬುರಗಿ ಜಿಲ್ಲೆಯ ಚಿಂಚೋಳಿಯ ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾಗಿ, ಆ ಪದವಿಯಿಂದ ಇಳಿದೂ ಆಗಿತ್ತು. ಬೊಮ್ಮಾಯಿಯವರಿಗೆ ಕುರ್ಚಿ ಮರಳಲಿಲ್ಲ. ಆದರೆ ಬಹುಮತವನ್ನು ಅಳೆಯುವ ಜಾಗ ರಾಜಭವನವಲ್ಲ, ವಿಧಾನಸಭೆ ಎಂಬ ನಿಯಮ ನೆಲೆಗೊಂಡಿತು. 2018ರ ಮೇ ತಿಂಗಳಲ್ಲಿ ರಾಜ್ಯದ ಸರ್ಕಾರ ರಚನೆಯ ವಿವಾದದಲ್ಲಿ ಸುಪ್ರೀಂ ಕೋರ್ಟ್ ಮಧ್ಯರಾತ್ರಿ ಕುಳಿತದ್ದು ಯಾರು ಮುಖ್ಯಮಂತ್ರಿಯಾಗಬೇಕು ಎಂದು ತೀರ್ಮಾನಿಸಲು ಅಲ್ಲ. ಆ ತೀರ್ಮಾನವನ್ನು ಅದು ಮೇ 19ರಂದು ವಿಧಾನಸೌಧದಲ್ಲಿ ಶಾಸಕರೇ ಮಾಡಲಿ ಎಂದಿತು.

371(ಜೆ) ವಿಷಯದಲ್ಲೂ ಇದೇ ಗೆರೆ ಇದೆ. ಮೀಸಲಾತಿಯ ಆದೇಶವನ್ನು ಮುರಿದು ನೇಮಕ ನಡೆದರೆ, ರಾಜ್ಯ ಸರ್ಕಾರಿ ಹುದ್ದೆಯಾದರೆ ಮೊದಲು ರಾಜ್ಯ ಆಡಳಿತ ನ್ಯಾಯಮಂಡಳಿಗೆ, ಆಮೇಲೆ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗಬಹುದು, ಹೋಗಬೇಕು. ಆದರೆ ಎಷ್ಟು ಹುದ್ದೆ ಮಂಜೂರಾಗಬೇಕು, ಕಮಲಾಪುರದ ಶಾಲೆಗೆ ಎಷ್ಟು ಕೊಠಡಿ ಬೇಕು, ಈ ವಿಧಿಯಡಿ ರಚನೆಯಾದ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ಯಾವ ರಸ್ತೆಗೆ ಹೋಗಬೇಕು ಎಂಬುದನ್ನು ಯಾವ ನ್ಯಾಯಾಲಯವೂ ಬಜೆಟ್ಟಿನಂತೆ ಬರೆದುಕೊಡಲಾರದು. ಆ ವಿಧಿಯಲ್ಲೇ ಇದಕ್ಕೊಂದು ದಾರಿ ಹೇಳಿದೆ: ಮಂಡಳಿಯ ಕೆಲಸದ ವರದಿ ಪ್ರತಿವರ್ಷ ರಾಜ್ಯದ ವಿಧಾನಸಭೆಯ ಮುಂದೆ ಬರಬೇಕು. ಆ ವರದಿಯನ್ನು ನಮ್ಮ ಶಾಸಕರು ಓದಿದರೇ, ಸದನದಲ್ಲಿ ಏನು ಕೇಳಿದರು ಎಂದು ವಿಚಾರಿಸಲು ಯಾವ ನ್ಯಾಯಾಲಯದ ಅನುಮತಿಯೂ ಬೇಕಿಲ್ಲ.