ಉಗ್ಗಿನ ಮೌನ ಮತ್ತು ಸಾಕ್ಷ್ಯಚಿತ್ರ

ಉಗ್ಗುವವರು ಕಷ್ಟವೆನಿಸಿದ ಪದವನ್ನು ಬಿಟ್ಟು ಸಮಾನಾರ್ಥಕವೊಂದನ್ನು ಆಯ್ದುಕೊಳ್ಳುವುದುಂಟು. ಊರಿನ ಹೆಸರಿಗೆ ಆ ದಾರಿಯಿಲ್ಲ. ದಾವಣಗೆರೆಯಲ್ಲಿ ಬಸ್ಸು ಹತ್ತಿದವರು ಸುಮಾರು 14 ಕಿ.ಮೀ. ದೂರದ ಹರಿಹರಕ್ಕೆ ಟಿಕೆಟ್ ಪಡೆಯಲು ಆ ಹೆಸರನ್ನೇ ಹೇಳಬೇಕು. ಮರಳುವಾಗ ‘ದಾವಣಗೆರೆ’ಯ ದಕಾರ ಪುನರಾವರ್ತನೆಗೊಂಡರೆ ಧ್ವನಿಮುದ್ರಣದಲ್ಲಿ ಕೇಳಿಸುತ್ತದೆ, ‘ಹರಿಹರ’ದ ಹಕಾರ ಗಂಟಲಿನಲ್ಲೇ ತಡೆದು ನಿಂತರೆ ಕೇಳಿಸುವುದು ಮೌನ ಮಾತ್ರ. ಭಾಷಾವಿಜ್ಞಾನಿಗಳಾದ ನಾವು ಅದನ್ನು ವಿರಾಮವೆಂದು ಗುರುತಿಸುತ್ತೇವೆ, ಹಲವೊಮ್ಮೆ ಬಿಟ್ಟೇಬಿಡುತ್ತೇವೆ. ಆದರೆ ಅದು ಪದವನ್ನು ಹುಡುಕುವ ವಿರಾಮವಲ್ಲ; ಹೇಳಬೇಕಾದ ಪದ ಅವರಿಗೆ ಗೊತ್ತಿದೆ. ದವಡೆಯ ಬಿಗಿತ, ಜಾರುವ ದೃಷ್ಟಿ, ತಡೆ ನೀಗುವ ಮೊದಲೇ ಊರನ್ನು ಊಹಿಸಿ ಹೇಳಿಬಿಡುವ ನಿರ್ವಾಹಕರ ಅವಸರ, ಇವನ್ನು ಹಿಡಿಯಬಲ್ಲದ್ದು ಕ್ಯಾಮೆರಾ.

ಸಂಕಲನಕಾರರು ಆ ಮೌನವನ್ನು ಕತ್ತರಿಸಿದರೆ ವಿಷಯವೇ ಹೋದಂತೆ. ಸ್ವತಃ ಉಗ್ಗುವ ಮೈಕೇಲ್ ಟರ್ನರ್ ನಿರ್ದೇಶಿಸಿದ ‘ದ ವೇ ವಿ ಟಾಕ್’ (2015) ಉಗ್ಗುವವರ ಮಾತನ್ನೇ ಕೇಂದ್ರದಲ್ಲಿರಿಸುತ್ತದೆ. ಕನ್ನಡದಲ್ಲಿ ಅಂತಹ ಚಿತ್ರಕ್ಕೆ ಹೆಸರಿಡುವಲ್ಲಿಯೇ ತೊಡಕು: ‘ತೊದಲು’ ಮಗುವಿನ ಮುದ್ದುನುಡಿಗೂ ಸಲ್ಲುತ್ತದೆ; ‘ಉಗ್ಗ’ ಅಡ್ಡಹೆಸರಾಗಿ ನೋಯಿಸುತ್ತದೆ. ‘ಉಗ್ಗುವವರು’ ಎಂಬ ರೂಪವನ್ನು ನಾವು ಆಯ್ದುಕೊಂಡಿರುವುದು ಇದೇ ಕಾರಣಕ್ಕೆ. ಅಡಿಬರಹದಲ್ಲಿ ಪದವು ತಡೆ ಮುಗಿಯುವ ಮೊದಲೇ ಮೂಡಬಾರದು; ಮೂಡಿದರೆ ಪ್ರೇಕ್ಷಕರೂ ಆ ನಿರ್ವಾಹಕರಂತೆ ಊರಿನ ಹೆಸರನ್ನು ತಾವೇ ಹೇಳಿ ಮುಗಿಸಿರುತ್ತಾರೆ.