ನೆನಪು ಮಾಸಿದ ಮೇಲೂ ಉಳಿಯಬೇಕಾದ ಎಚ್ಚರ

ತುಲಾ ಮಾಸ ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ಕೋಲ, ಕಳಿಯಾಟ, ಜಾತ್ರೆಗಳ ಕಾಲ. ಊರ ಸಮಿತಿಗಳು ಸಭೆ ಸೇರುತ್ತವೆ. ರಶೀದಿ ಪುಸ್ತಕ ಅಚ್ಚಾಗುತ್ತದೆ. ಚಪ್ಪರ, ದೀಪಾಲಂಕಾರ, ಅನ್ನದಾನಗಳಿಗೆ ಉಪಸಮಿತಿಗಳಾಗುತ್ತವೆ. ಆದರೆ ಬಂದ ಜನ ಕ್ಷೇಮವಾಗಿ ಮನೆ ಸೇರುವ ಹೊಣೆ ಯಾರದು?

2016ರ ಎಪ್ರಿಲ್ 10ರ ಮುಂಜಾವ ಕೊಲ್ಲಂ ಜಿಲ್ಲೆಯ ಪರವೂರಿನ ಪುಟ್ಟಿಂಗಲ್ ದೇವಸ್ಥಾನದಲ್ಲಿ ಸುಡುಮದ್ದಿನ ದಾಸ್ತಾನಿಗೆ ಕಿಡಿ ತಗಲಿ ನೂರಕ್ಕೂ ಮಿಕ್ಕಿ ಜನ ಪ್ರಾಣ ಕಳಕೊಂಡರು. ರಾಜ್ಯವೇ ಮರುಗಿತು. ಎಂಟು ವರ್ಷ ಕಳೆದು, 2024ರ ಅಕ್ಟೋಬರ್ 28ರ ರಾತ್ರಿ, ನಮ್ಮದೇ ಜಿಲ್ಲೆಯ ನೀಲೇಶ್ವರದ ವೀರರ್‌ಕಾವಿನಲ್ಲಿ ತೆಯ್ಯಂ ನಡೆಯುತ್ತಿದ್ದಾಗ ಮತ್ತೆ ಅದೇ ಆಯಿತು. ಸಿಡಿಸುವ ಜಾಗದ ಬಳಿಯಲ್ಲೇ ದಾಸ್ತಾನು, ದಾಸ್ತಾನಿನ ಬಳಿಯಲ್ಲೇ ಜನ. 150ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಕೆಲವರು ಬಳಿಕ ಆಸ್ಪತ್ರೆಯಲ್ಲಿ ಅಸುನೀಗಿದರು.

ಪಾಠ ಗೊತ್ತಿರಲಿಲ್ಲವೆಂದಲ್ಲ, ಅದು ಸಂಸ್ಥೆಯ ನಿತ್ಯದ ರೂಢಿಯಾಗಿರಲಿಲ್ಲ. ದುರಂತದ ಬಿಸಿ ಆರಿದೊಡನೆ ಎಚ್ಚರವೂ ಆರುತ್ತದೆ. ಸಮಿತಿ ಬದಲಾದರೆ ಹಳಬರು ಕಂಡದ್ದು ಹೊಸಬರಿಗೆ ತಿಳಿಯುವುದಿಲ್ಲ.

ರೂಢಿ ಮಾಡಿಕೊಂಡರೆ ಏನಾಗುತ್ತದೆಂಬುದಕ್ಕೆ ಕಾರ್ಖಾನೆ ಲೋಕದ ಒಂದು ಉದಾಹರಣೆ ನೋಡೋಣ. 1987ರಲ್ಲಿ ಅಮೆರಿಕದ ಅಲ್ಯೂಮಿನಿಯಂ ಕಂಪೆನಿ ಆಲ್ಕೋವಾದ ಮುಖ್ಯಸ್ಥರಾದ ಪಾಲ್ ಓನೀಲ್, ಹೂಡಿಕೆದಾರರ ಮೊದಲ ಸಭೆಯಲ್ಲೇ ಲಾಭದ ಮಾತಿಗಿಂತ ಮುಂಚೆ ಕಾರ್ಮಿಕರ ಸುರಕ್ಷೆಯ ಮಾತೆತ್ತಿದರು. ಯಾವ ಘಟಕದಲ್ಲಿ ಯಾರಿಗೆ ಪೆಟ್ಟಾದರೂ 24 ಗಂಟೆಯೊಳಗೆ ವರದಿ ಬರಬೇಕು; ಅದು ಮರುಕಳಿಸದಂತೆ ಏನು ಮಾಡುತ್ತೀರೆಂಬುದೂ ಅದರಲ್ಲಿರಬೇಕು. ನೂರು ಕಾರ್ಮಿಕರಿಗೆ 1.86ರಷ್ಟಿದ್ದ, ಕೆಲಸ ತಪ್ಪಿಸುವಂಥ ಗಾಯಗಳ ಪ್ರಮಾಣ 2000ದ ಹೊತ್ತಿಗೆ 0.2ಕ್ಕೆ ಇಳಿಯಿತು. ಅವರು ಬಿಟ್ಟುಹೋದ ಮೇಲೂ ಅದು ಇಳಿಯುತ್ತಲೇ ಬಂತು. ರೂಢಿ ವ್ಯಕ್ತಿಯನ್ನು ಮೀರಿ ಉಳಿಯಿತು.

ನಮ್ಮ ದೇವಸ್ಥಾನ, ಶಾಲೆ, ಸಹಕಾರಿ ಸಂಘ, ಕ್ಲಬ್ಬುಗಳಿಗೆ ಇದು ದುಬಾರಿಯೇನಲ್ಲ. ಸುರಕ್ಷೆಗೆಂದು ಒಬ್ಬರನ್ನು ಹೆಸರಿಸಿ ನೇಮಿಸಬೇಕು. ಅಗತ್ಯಬಿದ್ದರೆ ಕಾರ್ಯಕ್ರಮ ನಿಲ್ಲಿಸುವ ಅಧಿಕಾರ ಅವರಿಗಿರಬೇಕು. ಒಂದು ದಾಖಲೆ ಪುಸ್ತಕವಿರಲಿ. ತಂತಿಯಿಂದ ಕಿಡಿ ಹಾರಿತು, ಗ್ಯಾಸ್ ಸೋರಿತು, ಬಾಗಿಲಲ್ಲಿ ನೂಕುನುಗ್ಗಲಾಯಿತು, ಯಾರಿಗೂ ಏನೂ ಆಗಲಿಲ್ಲ ಎಂಬಂಥ ಸಂಗತಿಗಳನ್ನೇ ಅದರಲ್ಲಿ ಮೊದಲು ಬರೆಯಬೇಕು. ಏನೂ ಆಗದೆ ತಪ್ಪಿದ್ದೇ ಮುನ್ಸೂಚನೆ. ಹೊಸ ಸಮಿತಿ ಅಧಿಕಾರ ವಹಿಸಿಕೊಳ್ಳುವಾಗ ಕೀಲಿಕೈಯೊಂದಿಗೆ ಆ ಪುಸ್ತಕವನ್ನೂ ಪಡೆಯಲಿ.

ನಮ್ಮವರಿಗೆ ಇನ್ನೊಂದು ಮಾತು. ಅನುಮತಿ ಪತ್ರದ ಷರತ್ತುಗಳು ಮಲಯಾಳದಲ್ಲಿ ಬಂದರೆ ಕಡತದಲ್ಲಿಟ್ಟು ಮರೆಯುವುದು ಬೇಡ. ಕನ್ನಡಕ್ಕೆ ಇಳಿಸಿ, ಸ್ವಯಂಸೇವಕರಿಗೆ ಓದಿ ಹೇಳಿ, ಗೋಡೆಗೆ ಅಂಟಿಸಬೇಕು. ಓದಲು ಬಾರದ ಎಚ್ಚರಿಕೆ ಯಾರನ್ನೂ ಕಾಯುವುದಿಲ್ಲ.

ಈ ಬಾರಿಯ ಸಭೆಯಲ್ಲಿ ಲೆಕ್ಕಪತ್ರ ಮಂಡಿಸುವ ಮೊದಲು ಈ ವಿಷಯವೊಂದು ಚರ್ಚೆಗೆ ಬರಲಿ ಎಂಬುದು ನಮ್ಮ ವಿನಂತಿ.