ಗುಡುಗುಡಿ ಮತ್ತು ಗಿಟಾರ್

‘ಗುಡುಗುಡಿಯ ಸೇದಿ ನೋಡೋ’ ಹಾಡು ಯಾರದು ಎಂದು ನಮ್ಮ ಕ್ಲಾಸಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ರಘು ದೀಕ್ಷಿತ್ ಅವರದು ಎನ್ನುತ್ತಾರೆ. ಯಾವುದರ ಬಗ್ಗೆ ಎಂದು ಕೇಳಿದರೆ ಹುಕ್ಕಾ ಬಗ್ಗೆ ಎನ್ನುತ್ತಾರೆ. ಕೆಲವರು ಇನ್ನೂ ಮುಂದೆ ಹೋಗಿ, ಕರ್ನಾಟಕದಲ್ಲಿ 2024ರಲ್ಲಿ ಹುಕ್ಕಾ ನಿಷೇಧ ಆಯಿತಲ್ಲ, ಈ ಹಾಡನ್ನು ಯಾಕೆ ಬಿಟ್ಟಿದ್ದಾರೆ ಎಂದು ತಮಾಷೆ ಮಾಡುತ್ತಾರೆ. ಮೊದಲ ಉತ್ತರ ಅರ್ಧ ಸರಿ. ಎರಡನೆಯದು ಅರ್ಧವೂ ಸರಿಯಿಲ್ಲ. ಈ ಹಾಡು ಎಲ್ಲಿಂದ ಬಂತು, ಒಂದು ಬ್ಯಾಂಡಿನ ಕೈಗೆ ಹೇಗೆ ಸಿಕ್ಕಿತು ಎಂದು ತಿಳಿದುಕೊಂಡರೆ ಅದನ್ನು ಕೇಳುವ ರೀತಿಯೇ ಬೇರೆಯಾಗುತ್ತದೆ. ಅದಕ್ಕಾಗಿ ಈ ಲೇಖನ.

ಮೊದಲು ಬ್ಯಾಂಡಿನ ವಿಷಯ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಓದಿದ್ದು ಮೈಕ್ರೋಬಯಾಲಜಿ, ಕಲಿತದ್ದು ಭರತನಾಟ್ಯ. ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ಅವರ ತಂಡದ ಮೊದಲ ಆಲ್ಬಂ ‘ಅಂತರಾಗ್ನಿ’ 2008ರಲ್ಲಿ ಬಂತು. ಅದರಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆಗೆ ಕನ್ನಡದ ಎರಡು ಹಾಡುಗಳಿದ್ದವು, ಎರಡೂ ಸಂತ ಶಿಶುನಾಳ ಶರೀಫರವು. 2010ರಲ್ಲಿ ಇಂಗ್ಲೆಂಡಿನ ಬಿಬಿಸಿ ಟಿವಿಯಲ್ಲಿ ಜೂಲ್ಸ್ ಹಾಲಂಡ್ ನಡೆಸುವ ಪ್ರಸಿದ್ಧ ಸಂಗೀತ ಕಾರ್ಯಕ್ರಮದಲ್ಲಿ ಈ ತಂಡ ಹಾಡಿತು. ಮರುವರ್ಷ ಅಲ್ಲಿನ ‘ಸಾಂಗ್‌ಲೈನ್ಸ್’ ಪತ್ರಿಕೆ ಹೊಸಬರಿಗೆ ಕೊಡುವ ಪ್ರಶಸ್ತಿಯೂ ಬಂತು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರ್ ಹಿಡಿದು ಕುಣಿಯುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಅವರ ತಮ್ಮ ವಾಸು ದೀಕ್ಷಿತ್ ‘ಸ್ವರಾತ್ಮ’ ಎಂಬ ಇನ್ನೊಂದು ತಂಡದ ಗಾಯಕರು.

ಈ ಬಗೆಯ ಸಂಗೀತಕ್ಕೆ ಫೋಕ್ ರಾಕ್ ಎಂಬ ಹೆಸರಿದೆ. ಜನಪದ ಧಾಟಿ, ಜನಪದ ಮಾತು. ಅದಕ್ಕೆ ಡ್ರಮ್ಸ್, ಬೇಸ್ ಗಿಟಾರ್, ವಯಲಿನ್. ಅಮೆರಿಕದ ಬಾಬ್ ಡಿಲನ್ 1965ರಲ್ಲಿ ನ್ಯೂಪೋರ್ಟ್ ಎಂಬಲ್ಲಿನ ಜಾನಪದ ಉತ್ಸವಕ್ಕೆ ಎಲೆಕ್ಟ್ರಿಕ್ ಗಿಟಾರ್ ತಂದಾಗ ಕೇಳುಗರಲ್ಲಿ ಕೆಲವರು ಕೂಗಾಡಿದರಂತೆ. ಅದೇ ಡಿಲನ್‌ಗೆ 2016ರಲ್ಲಿ ಸಾಹಿತ್ಯದ ನೊಬೆಲ್ ಬಂತು. ಹಾಡು ಬರೆಯುವವರೂ ಸಾಹಿತಿಗಳೇ ಎಂದು ಜಗತ್ತು ಒಪ್ಪಿಕೊಂಡದ್ದು ಆಗ. ನಮ್ಮಲ್ಲಿ ಇದಕ್ಕೆ ಯಾರ ಒಪ್ಪಿಗೆಯೂ ಬೇಕಾಗಿರಲಿಲ್ಲ. ವಚನ, ದಾಸರ ಪದ, ತತ್ವಪದ ಎಲ್ಲ ಹಾಡೂ ಹೌದು, ಪಠ್ಯಪುಸ್ತಕದ ಪದ್ಯವೂ ಹೌದು.

ಆದರೆ ಒಂದು ವ್ಯತ್ಯಾಸ ಇದೆ. ಅಮೆರಿಕ, ಆಸ್ಟ್ರೇಲಿಯಾದ ಇಂಥ ತಂಡಗಳಲ್ಲಿ ಸಾಮಾನ್ಯವಾಗಿ ಹಾಡುವವರೇ ಬರೆಯುತ್ತಾರೆ. ಕನ್ನಡದಲ್ಲಿ ಹೆಚ್ಚಾಗಿ ಕವಿ ಬೇರೆ, ರಾಗ ಹಾಕುವವರು ಬೇರೆ, ಹಾಡುವವರು ಬೇರೆ. 1978ರಲ್ಲಿ ಬಂದ ‘ನಿತ್ಯೋತ್ಸವ’ ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್. ಅದರ ಕವಿತೆಗಳು ಕೆ.ಎಸ್. ನಿಸಾರ್ ಅಹಮದ್ ಅವರವು, ರಾಗ ಮೈಸೂರು ಅನಂತಸ್ವಾಮಿ ಅವರದು. ಶರೀಫರ ಹಾಡುಗಳನ್ನು ಮನೆಮನೆಗೆ ತಲುಪಿಸಿದವರು ಸಿ. ಅಶ್ವತ್ಥ್. 1990ರಲ್ಲಿ ಟಿ.ಎಸ್. ನಾಗಾಭರಣ ಅವರು ‘ಸಂತ ಶಿಶುನಾಳ ಶರೀಫ’ ಸಿನಿಮಾ ಮಾಡಿದಾಗಲೂ ಸಂಗೀತ ಅಶ್ವತ್ಥ್ ಅವರದೇ. ಅದರಲ್ಲಿ ಶ್ರೀಧರ್ ಶರೀಫರಾಗಿ, ಗಿರೀಶ್ ಕಾರ್ನಾಡ್ ಗುರು ಗೋವಿಂದ ಭಟ್ಟರಾಗಿ ನಟಿಸಿದ್ದಾರೆ. ಬ್ಯಾಂಡ್ ಬಂದದ್ದು ಇವರೆಲ್ಲರ ನಂತರ.

ಇನ್ನು ಶರೀಫರು. 1819ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ ಹುಟ್ಟಿದರು, 1889ರಲ್ಲಿ ತೀರಿಕೊಂಡರು. ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಕೆಲಕಾಲ ಶಾಲಾ ಮಾಸ್ತರಾಗಿದ್ದರು. ಕಳಸದ ಗೋವಿಂದ ಭಟ್ಟರನ್ನು ಗುರುವಾಗಿ ಪಡೆದರು. ಎರಡೂ ಕಡೆಯವರು ಇಬ್ಬರನ್ನೂ ಬೈದರು ಎಂಬ ಕಥೆಯನ್ನು ಸಿನಿಮಾದಲ್ಲಿ ನೋಡಿರುತ್ತೀರಿ. ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ಇನ್ನೊಂದಿದೆ: ಶರೀಫರು ಮೊಹರಂಗಾಗಿ ಕನ್ನಡದಲ್ಲೇ ರಿವಾಯತ್ ಪದಗಳನ್ನೂ ಕಟ್ಟಿದ್ದಾರೆ. ಕರ್ಬಲಾದ ಕಥೆಯನ್ನು ಹಳ್ಳಿಯ ಜನ ಅಲಾಯಿ ಮುಂದೆ ಹೆಜ್ಜೆ ಹಾಕುತ್ತಾ ಕನ್ನಡದಲ್ಲಿ ಹಾಡುತ್ತಿದ್ದರು. ‘ನೀವು ಮನೆಯಲ್ಲಿ ಉರ್ದು ಮಾತಾಡ್ತೀರಿ, ಕನ್ನಡದಲ್ಲಿ ಇಷ್ಟು ಮಾರ್ಕ್ಸ್ ಹೇಗೆ ಬರುತ್ತೆ’ ಎಂದು ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಆಶ್ಚರ್ಯಪಟ್ಟರೆ ನನಗೆ ಶರೀಫರ ಹೆಸರೂ ನಿಸಾರ್ ಅಹಮದರ ಹೆಸರೂ ಬಾಯಿ ತುದಿಗೆ ಬರುತ್ತದೆ. ಬಸ್ಸು ಬಂದುಬಿಡುತ್ತದೆ, ಹೇಳುವುದಕ್ಕೆ ಆಗುವುದಿಲ್ಲ.

ಹಾಡಿನ ಅರ್ಥಕ್ಕೆ ಬರೋಣ. ಗುಡುಗುಡಿ ಎಂಬ ಮಾತು ನಮ್ಮ ಮನೆಯ ಉರ್ದುವಿನಲ್ಲೂ ಇದೆ, ಗುಡ್‌ಗುಡಿ ಅನ್ನುತ್ತೇವೆ. ನೀರಿನ ಸದ್ದಿನಿಂದ ಹುಟ್ಟಿದ ಹೆಸರು. ಚಿಲುಮೆಯೂ ನಮ್ಮ ಚಿಲಮ್. ಆದ್ದರಿಂದ ಈ ಹಾಡು ಕೇಳಿದಾಗ ಪದಗಳು ನನಗೆ ಹೊಸದು ಅನ್ನಿಸಲಿಲ್ಲ. ಆದರೆ ಶರೀಫರು ಆ ಪದಗಳಿಂದ ಮಾಡಿದ ಕೆಲಸ ನೋಡಿ. ಸೇದಬೇಕಾದದ್ದು ತಂಬಾಕನ್ನಲ್ಲ. ಶರೀರ, ಮನಸ್ಸು, ಬುದ್ಧಿ ಎಲ್ಲವೂ ಆ ಗುಡುಗುಡಿಯ ಒಂದೊಂದು ಭಾಗವಾಗುತ್ತವೆ. ಮನಸ್ಸು ಸಂಚಿ, ಬುದ್ಧಿ ಬೆಂಕಿ. ನಮ್ಮ ಕೆಟ್ಟ ಗುಣಗಳನ್ನು ಕೊಚ್ಚಿ ಹಾಕಿ ಸುಟ್ಟು ಹೊಗೆ ಮಾಡಿ ಬಿಡು ಎಂಬುದು ಅದರ ಒಳಗಿನ ಮಾತು. ಆಗಿನ ಕಾಲದಲ್ಲಿ ಕಟ್ಟೆಯ ಮೇಲೆ ಕೂತ ಎಲ್ಲರ ಕೈಯಲ್ಲೂ ಇದ್ದ ವಸ್ತುವನ್ನು ತೆಗೆದುಕೊಂಡು, ಅದು ಇರುವಲ್ಲಿಗೇ ಉಪದೇಶವನ್ನು ತಲುಪಿಸಿದ್ದಾರೆ. ಚಟ ಬಿಡು ಎಂದು ನೇರವಾಗಿ ಹೇಳಿದ್ದರೆ ಯಾರು ಕೇಳುತ್ತಿದ್ದರು?

ಇನ್ನೊಂದು ಹಾಡು ‘ಸೋರುತಿಹುದು ಮನೆಯ ಮಾಳಿಗಿ’. ಇದನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಮಾಳಿಗೆ ಮನೆ ಗೊತ್ತಿರಬೇಕು. ಆರ್‌ಸಿಸಿ ಮನೆಯಲ್ಲಿ ಹುಟ್ಟಿದವರಿಗೆ ಇದು ಬರೀ ಒಂದು ಪದ. ನಮ್ಮ ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಹಳ್ಳಿಗಳಲ್ಲಿ ಹಳೆಯ ಮನೆಗಳಿಗೆ ಹೆಂಚಿಲ್ಲ, ಮಣ್ಣಿನ ಮಾಳಿಗೆ. ತೊಲೆ, ಜಂತೆ ಇಟ್ಟು, ಮೇಲೆ ಸೊಪ್ಪು ಕಡ್ಡಿ ಹಾಸಿ, ಅದರ ಮೇಲೆ ಮಣ್ಣು. ನೀರು ಇಳಿಯದ ಹಾಗೆ ಕರಲು ಮಣ್ಣನ್ನು ತಂದು ಹಾಕಿ ತುಳಿಯುತ್ತಿದ್ದರು. ಇದನ್ನು ಒಂದು ಸಲ ಮಾಡಿ ಬಿಟ್ಟರೆ ಆಗುವುದಿಲ್ಲ. ಪ್ರತಿ ವರ್ಷ ಮಳೆಗೆ ಮುಂಚೆ ಯಾರಾದರೂ ಮೇಲೆ ಹತ್ತಿ ನೋಡಲೇಬೇಕು, ಬಿರುಕು ಬಿಟ್ಟಲ್ಲಿ ಮಣ್ಣು ಹಾಕಲೇಬೇಕು. ಹತ್ತದೆ ಇದ್ದ ವರ್ಷ ರಾತ್ರಿಯೆಲ್ಲ ತಟ್ಟೆ, ಬೋಗುಣಿ ಇಟ್ಟುಕೊಂಡು ಕೂರಬೇಕಾಗುತ್ತಿತ್ತು ಎಂದು ನಮ್ಮ ದಾದಿಮಾ ಹೇಳುತ್ತಾರೆ. ಶರೀಫರ ಹಾಡಿನಲ್ಲಿ ಮನೆ ಸೋರುವುದಕ್ಕೆ ಕಾರಣ ಮಳೆ ಅಲ್ಲ, ಒಳಗಿರುವವನ ಅರಿವುಗೇಡಿತನ. ಸರಿ ಮಾಡುವವರು ಯಾರೂ ಇಲ್ಲ, ಕತ್ತಲಲ್ಲಿ ಮೇಲೆ ಹತ್ತಲು ಧೈರ್ಯವೂ ಇಲ್ಲ. ದೇಹವೇ ಆ ಮನೆ ಎಂದು ಟೀಚರ್ ನೋಟ್ಸ್ ಬರೆಸುತ್ತಾರೆ, ಪರೀಕ್ಷೆಗೆ ಅಷ್ಟು ಸಾಕು. ಆದರೆ ವರ್ಷವರ್ಷವೂ ಹತ್ತಬೇಕಾದ ಮಾಳಿಗೆ ಎಂದು ತಿಳಿದ ಮೇಲೆ ಹಾಡು ಇನ್ನೂ ಹೆದರಿಸುತ್ತದೆ.

ಇಂಥ ಹಾಡನ್ನು ಡ್ರಮ್ಸ್ ಬಡಿದು ಕುಣಿಯುತ್ತಾ ಹಾಡಬಹುದೇ? ನಮ್ಮ ಮನೆಗಳಲ್ಲಿ ವಾದ್ಯದ ಬಗ್ಗೆಯೇ ಹಿರಿಯರಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ, ಆ ಚರ್ಚೆಗೆ ನಾನು ಹೋಗುವುದಿಲ್ಲ. ಮಾತು ಕೇಳಿಸುತ್ತದೆಯೇ ಎಂಬುದು ನನ್ನ ಪ್ರಶ್ನೆ. ಶರೀಫರೇ ಇದಕ್ಕೊಂದು ಅಳತೆಗೋಲು ಕೊಟ್ಟಿದ್ದಾರೆ. ತಂಬೂರಿಯ ಮೇಲಿನ ಅವರ ಪ್ರಸಿದ್ಧ ಪದವೊಂದಿದೆ. ತಿಳಿಯದೆ ನುಡಿಸುವವನಿಗೆ ಅದರಲ್ಲಿ ಚೆನ್ನಾಗಿ ಬೈಗುಳ ಬೀಳುತ್ತದೆ. ಅದನ್ನು ಕೇಳಿಕೊಂಡೇ ಹಾಡಬೇಕಾದ ಕಷ್ಟ ಪ್ರತಿ ಗಾಯಕರಿಗೂ ಇದೆ. ನನ್ನ ಮಟ್ಟಿಗೆ ಗುಡುಗುಡಿ ಹಾಡಿಗೆ ಬ್ಯಾಂಡ್ ಸರಿಯಾಗಿ ಒಪ್ಪುತ್ತದೆ. ಆ ಪದದಲ್ಲೇ ಒಂದು ತಾಳ ಇದೆ, ಅದು ಬಾಯಲ್ಲಿ ತಾನೇ ಡ್ರಮ್ ಬಾರಿಸುತ್ತದೆ. ಕಟ್ಟೆಯ ಮೇಲಿನ ತಮಾಷೆಯ ದನಿ ಅದಕ್ಕೆ ಬೇಕು. ಮಾಳಿಗೆ ಹಾಡಿಗೆ ಮಾತ್ರ ನನಗೆ ಅಶ್ವತ್ಥ್ ಅವರ ಕಂಠವೇ ಬೇಕು. ಈ ವಿಷಯದಲ್ಲಿ ನನ್ನ ಬೆಂಚಿನವರು ಯಾರೂ ನನ್ನ ಜೊತೆ ಇಲ್ಲ.

ಕಾಮರ್ಸ್ ವಿದ್ಯಾರ್ಥಿಯಾಗಿ ಲೆಕ್ಕದ ಮಾತನ್ನು ಬಿಡುವುದಕ್ಕೆ ಆಗುವುದಿಲ್ಲ. ಇಂಡಿಪೆಂಡೆಂಟ್ ಬ್ಯಾಂಡ್ ಎಂದರೇನು? ಮೊಳಕಾಲ್ಮುರಿನ ಮಗ್ಗಗಳನ್ನು ನೆನೆಸಿಕೊಳ್ಳಿ. ಕೂಲಿ ನೇಯ್ಗೆಯಲ್ಲಿ ರೇಷ್ಮೆ, ಜರಿ, ಡಿಸೈನ್ ಎಲ್ಲ ಮಾಲೀಕರದು. ನೇಕಾರರಿಗೆ ಸೀರೆಗೆ ಇಷ್ಟು ಎಂದು ಮಜೂರಿ, ಸೀರೆ ಮಾಲೀಕರದು. ಸಿನಿಮಾ ಸಂಗೀತ ಬಹುಕಾಲ ಹೀಗೇ ನಡೆಯಿತು. ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ಒಂದು ಸಲ ದುಡ್ಡು, ಹಕ್ಕು ನಿರ್ಮಾಪಕರಿಗೆ. ರಾಯಲ್ಟಿಯ ಹಕ್ಕು ಅವರ ಕೈತಪ್ಪದಂತೆ ಕಾನೂನು ತಿದ್ದುಪಡಿ ಆದದ್ದು 2012ರಲ್ಲಿ. ಸ್ವತಂತ್ರ ತಂಡದವರು ಸ್ವಂತ ಮಗ್ಗ, ಸ್ವಂತ ನೂಲು ಇಟ್ಟುಕೊಂಡ ನೇಕಾರರ ಹಾಗೆ. ಲಾಭವೂ ಅವರದೇ, ಸೀರೆ ಮಾರದಿದ್ದರೆ ನಷ್ಟವೂ ಅವರದೇ.

ಶರೀಫರ ಪದಗಳು ಇಂಥ ತಂಡಕ್ಕೆ ಬಡ್ಡಿಯಿಲ್ಲದ ಬಂಡವಾಳ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಶರೀಫರು ಹೋಗಿ 130 ವರ್ಷ ದಾಟಿದೆ, ಆದ್ದರಿಂದ ಮಾತು ಎಲ್ಲರದು. ಆದರೆ ರಾಗ ಹಾಗಲ್ಲ. ಅಶ್ವತ್ಥ್ ತೀರಿಕೊಂಡದ್ದು 2009ರ ಡಿಸೆಂಬರಿನಲ್ಲಿ, ಅವರ ರಾಗ ಸಂಯೋಜನೆಗಳಿಗೆ 2069ರ ಕೊನೆಯವರೆಗೂ ರಕ್ಷಣೆ ಇದೆ. ಕಾಲೇಜು ಡೇಗೆ ಹಾಡಿದರೆ ಯಾರೂ ಹಿಡಿಯುವುದಿಲ್ಲ, ಯೂಟ್ಯೂಬಿಗೆ ಹಾಕಿ ದುಡ್ಡು ಮಾಡಲು ಹೋದರೆ ಆಗ ವಿಷಯ ಬೇರೆ.

ಶರೀಫರಿಗೆ ಇದ್ದದ್ದು ಅಂಕಿತ. ಪದದ ಕೊನೆಗೆ ಶಿಶುನಾಳಾಧೀಶನ ಹೆಸರು ಬರುತ್ತದೆ. ಬರೆದಿಟ್ಟ ಪುಸ್ತಕಕ್ಕಿಂತ ಬಾಯಿಂದ ಬಾಯಿಗೆ ಹೆಚ್ಚು ಓಡಾಡಿದ ಹಾಡುಗಳಿಗೆ ಅದೇ ಸಹಿ, ಅದೇ ಮೊಹರು. ಈಗ ಎರಡು ಮೂರು ನಿಮಿಷದ ಹಾಡಿಗೆ, ಮೂವತ್ತು ಸೆಕೆಂಡಿನ ರೀಲ್ಸಿಗೆ ಕತ್ತರಿಸುವಾಗ ಮೊದಲು ಹೋಗುವುದು ಕೊನೆಯ ನುಡಿಯೇ. ಸಹಿ ಹೋದ ಚೆಕ್ಕು ಯಾರದೆಂದು ಬ್ಯಾಂಕಿನವರು ಹೇಗೆ ಹೇಳುತ್ತಾರೆ? ಹಾಗಾಗಿಯೇ ಹಾಡು ‘ರಘು ದೀಕ್ಷಿತ್ ಹಾಡು’ ಆಗಿಬಿಟ್ಟಿದೆ. ಇದರಲ್ಲಿ ಬ್ಯಾಂಡಿನವರ ತಪ್ಪಿಗಿಂತ ಪೂರ್ತಿ ಕೇಳದ ನಮ್ಮ ತಪ್ಪೇ ಹೆಚ್ಚು. ಯಾರು ಹಾಡಿದ್ದನ್ನೇ ಕೇಳಿ, ಕೊನೆಯ ನುಡಿ ಇದೆಯೋ ಇಲ್ಲವೋ ಒಮ್ಮೆ ಗಮನಿಸಿ.

ಅಂಕಿತವೇ ಇಲ್ಲದ ಹಾಡುಗಳೂ ಇವೆ, ಅವು ನಮ್ಮ ಪಕ್ಕದಲ್ಲೇ ಇವೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಪದಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದವರು. ವಿದ್ವಾಂಸರಾದ ಕೃಷ್ಣಮೂರ್ತಿ ಹನೂರು ಅವುಗಳನ್ನು ಕೇಳಿ ಬರೆದುಕೊಂಡು ಪುಸ್ತಕ ಮಾಡಿದ್ದಾರೆ. ಆ ಪದಗಳನ್ನು ಗಿಟಾರಿಗೆ ಹಾಡುವ ತಂಡ ಯಾವತ್ತಾದರೂ ಬಂದರೆ ಪೋಸ್ಟರಿನಲ್ಲಿ ಯಾರ ಹೆಸರು ಹಾಕುತ್ತಾರೋ ನೋಡಬೇಕು.

ಕೊನೆಯದಾಗಿ, ಶರೀಫರು ಹಳೆಯ ವಸ್ತುಗಳಿಗೇ ಅಂಟಿಕೊಂಡವರಲ್ಲ. ಅವರ ಕಾಲಕ್ಕೆ ಗಿರಣಿ ಹೊಸ ಯಂತ್ರ. ಅದನ್ನು ಕಂಡು ಅದರ ಮೇಲೂ ಒಂದು ತತ್ವಪದ ಕಟ್ಟಿದರು. ನಮ್ಮ ಚಳ್ಳಕೆರೆಯನ್ನು ಎಣ್ಣೆ ನಗರ ಎನ್ನುತ್ತಾರೆ, ಶೇಂಗಾ ಗಿರಣಿಯ ವಾಸನೆ ಇಲ್ಲದ ಓಣಿ ಕಡಿಮೆ. ನಮ್ಮ ಕಾಲೇಜಿನಲ್ಲಿ ಗಿಟಾರ್ ಕಲಿಯುತ್ತಿರುವವರು ಇಬ್ಬರಿದ್ದಾರೆ, ಪದ್ಯ ಬರೆಯುವವರು ಅದಕ್ಕಿಂತ ಹೆಚ್ಚಿದ್ದಾರೆ. ಗಿರಣಿಗಳೂ ಇನ್ನೂ ಓಡುತ್ತಿವೆ.